ಆರು ಗೌನುಗಳಲ್ಲಿ ರಕ್ತ ತರಬೇಕಾದವರು ಯಾರು?

ಮಾನ್ಯ ಆರೋಗ್ಯ ಇಲಾಖೆಯ ತರಬೇತಿ ಅಧಿಕಾರಿಗಳೇ,

ನನ್ನ ಹಿರಿಮಗಳು ಹೆರಿಗೆಯಾದ ಮೇಲೆ ರಕ್ತಸ್ರಾವದಿಂದ ಸತ್ತಳು. ಮಗು ಉಳಿಯಿತು. ಅವಳಿಗೆ ಕೊಡಬೇಕಿದ್ದ ರಕ್ತ ಒಂದು ಮಹಡಿ ಕೆಳಗೇ ಇತ್ತು. ಮೇಲೆ ಬರಲು ಹಿಡಿದದ್ದು ಇಪ್ಪತ್ತಾರು ನಿಮಿಷ. ನನ್ನ ದೂರಿಗೆ ನಿಮ್ಮ ಉತ್ತರ ಒಂದೇ ಸಾಲು: ‘ಸದರಿ ವಾರ್ಡಿನ ಸಿಬ್ಬಂದಿ ಶೇಕಡಾ ನೂರರಷ್ಟು ತರಬೇತಿ ಪಡೆದಿದ್ದಾರೆ.’ ನೂರಕ್ಕೆ ನೂರು. ನನ್ನ ಮಗಳು ಶಾಲೆಯಲ್ಲಿ ಎಂದೂ ಅಷ್ಟು ಅಂಕ ತೆಗೆದವಳಲ್ಲ.

ಆ ತರಬೇತಿಯ ಕಥೆ ನನಗೆ ಗೊತ್ತು. ನಾನು ಹೊಲಿಗೆಯವಳು, ಒಂದು ಮಿಷನ್ನಿನಿಂದ ಹನ್ನೊಂದಕ್ಕೆ ಬಂದವಳು. ಬಟ್ಟೆ ಕೊಡಲು ಆ ಆಸ್ಪತ್ರೆಗೆ ವರ್ಷಗಟ್ಟಲೆ ಓಡಾಡಿದ್ದೇನೆ. ದೇಶಕ್ಕೆಲ್ಲ ಆ ಸೋಂಕು ಬರುವ ಮೊದಲು ತಿಂಗಳಿಗೊಮ್ಮೆ ಹೆರಿಗೆ ಕೋಣೆಯಲ್ಲಿ ರಬ್ಬರಿನ ಬೊಂಬೆ ಮಲಗಿಸಿ, ಅದಕ್ಕೆ ರಕ್ತ ಹೋಗುತ್ತಿದೆ ಎಂದುಕೊಂಡು ಡಾಕ್ಟರು, ನರ್ಸು, ಆಯಾ ಎಲ್ಲರೂ ಓಡುತ್ತಿದ್ದರು, ತಪ್ಪುತ್ತಿದ್ದರು, ಬೈಸಿಕೊಂಡು ಮತ್ತೆ ಓಡುತ್ತಿದ್ದರು. ಸೋಂಕು ಬಂದದ್ದೇ, ಗುಂಪು ಸೇರಬಾರದೆಂದು ನೀವು ಬೊಂಬೆಯನ್ನು ಕಪಾಟಿಗೆ ಹಾಕಿಸಿ ಬೀಗ ಜಡಿಸಿದಿರಿ. ಬದಲಿಗೆ ಮೊಬೈಲಿನಲ್ಲಿ ವಿಡಿಯೊ. ನೋಡಿ ಗುಂಡಿ ಒತ್ತಿದರೆ ತರಬೇತಿ ಮುಗಿಯಿತು. ಬೊಂಬೆಗೆ ಸೋಂಕು ತಗಲಲಿಲ್ಲ, ಸಂತೋಷ. ಆದರೆ ನಿಜವಾದ ಹೆರಿಗೆಗೆ ವಾರ್ಡಿನ ಅದೇ ಆರು ಜನ ದಿನವೂ ಗುಂಪು ಸೇರುತ್ತಿದ್ದರಲ್ಲ, ಅದಕ್ಕೇಕೆ ಸುತ್ತೋಲೆ ಬರಲಿಲ್ಲ?

ಮಗಳು ಸತ್ತು ತಿಂಗಳಾದ ಮೇಲೆ ಗೌನಿನ ಗಂಟು ಇಳಿಸಲು ಹೋದಾಗ ಆ ವಾರ್ಡಿನ ಹಿರಿಯ ನರ್ಸು ನನ್ನ ಕೈ ಹಿಡಿದುಕೊಂಡರು.

“ಡಾಕ್ಟರ್ ‘ಬೇಗ ರಕ್ತ ತನ್ನಿ’ ಅಂದ್ರು ಅಕ್ಕಾ. ಆರೂ ಜನ ‘ಹ್ಞೂ’ ಅಂದ್ವಿ. ಗೌನು ಹಾಕ್ಕೊಂಡು ಮೈ ಮುಖ ಎಲ್ಲಾ ಮುಚ್ಕೊಂಡಿದ್ವಿ, ಯಾರಿಗೆ ಹೇಳಿದ್ದು ಅಂತಾನೇ ಗೊತ್ತಾಗ್ಲಿಲ್ಲ. ಇನ್ಯಾರೋ ಹೋದ್ರು ಅಂದ್ಕೊಂಡೆ. ಎಲ್ಲರೂ ಹಾಗೇ ಅಂದ್ಕೊಂಡಿದ್ರು.”

ಆ ಗೌನುಗಳನ್ನು ಹೊಲಿದವಳು ನಾನು. ನಾನೂರೂ ಒಂದೇ ಅಳತೆ, ಒಂದೇ ನೀಲಿ. ಒಂದಕ್ಕೊಂದು ಗುರುತೇ ಸಿಗದ ಹಾಗಿದೆ ಎಂದು ನಿಮ್ಮ ಕಚೇರಿಯೇ ಮೆಚ್ಚಿ ಬರೆದಿತ್ತು. ಈಗಲೂ ಮಿಷನ್ನಿನ ಮುಂದೆ ಕೂತರೆ ಕಣ್ಣಿಗೆ ಕಟ್ಟುತ್ತದೆ: ಮಗಳ ಸುತ್ತ ಆರು ನೀಲಿ ಗೌನು, ಆರೂ ತಲೆಯಾಡಿಸುತ್ತವೆ, ಒಂದೂ ಬಾಗಿಲ ಕಡೆ ತಿರುಗುವುದಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆ ತಪ್ಪು ಬೊಂಬೆಯ ಮೇಲೆ ಒಮ್ಮೆ ಆಗಿಹೋಗಿದ್ದರೆ ಸಾಕಿತ್ತು.

ಬಸುರಿ ಕಿರಿಮಗಳಿಗೆ ಈಗ ಏಳು ತಿಂಗಳು ತುಂಬಿದೆ. ನಮಗಿರುವುದು ಅದೇ ಆಸ್ಪತ್ರೆ, ಅದೇ ಕೋಣೆ. ಕಪಾಟಿನ ಬೀಗ ಇನ್ನೂ ತೆಗೆದಿಲ್ಲ. ಅವಳ ದಿನ ತುಂಬುವುದರೊಳಗೆ ಆ ಕೋಣೆಯಲ್ಲೇ, ಗೌನು ಮುಖಗವಸು ಹಾಕಿಕೊಂಡೇ, ಅಭ್ಯಾಸ ನಡೆಯಬೇಕು. ಹೆಸರು ಹಿಡಿದು ಕೂಗಬೇಕು; ಕೂಗಿಸಿಕೊಂಡವರು ‘ನಾನು ಹೋಗ್ತೀನಿ’ ಎಂದೇ ಹೊರಡಬೇಕು. ಇದನ್ನು ನಿಮಗೆ ಹೊಲಿಗೆಯವಳು ಹೇಳಿಕೊಡಬೇಕೇ?

ಮೊನ್ನೆ ಅವಳು ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದಳು: “ಅಮ್ಮಾ, ನಂಗೂ ಹಾಗೇ ಆದ್ರೆ ಯಾರು ಹೋಗ್ತಾರೆ?”

ಅವಳ ತಟ್ಟೆ ತೊಳೆದಿಟ್ಟು ಈ ಪತ್ರ ಬರೆಯಲು ಕೂತೆ. ಶೇಕಡಾವಾರು ಬೇಡ, ಅಧಿಕಾರಿಗಳೇ. ಒಬ್ಬರ ಹೆಸರು ಹೇಳಿ.

ಇಂತಿ,
ಉತ್ತರಕ್ಕೆ ಎಂಟು ವಾರ ಮಾತ್ರ ಕಾಯಬಲ್ಲ
ಒಬ್ಬ ತಾಯಿ