ಮಣ್ಣಿಗೆ ಕೊಟ್ಟ ಗಡ್ಡೆಯ ವರದಿ ಎಲ್ಲಿಂದ ತರಲಿ?

ಉಚಿತ ಚಿಕಿತ್ಸೆಗೆ ಮಂಜೂರಾತಿ ಕೊಡುವ, ಅದಕ್ಕಿಂತ ಹೆಚ್ಚಾಗಿ ಕೊಡದಿರುವ, ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಮೋನಮ್ಮನ ಕಂಕುಳಲ್ಲಿ ಎದ್ದಿರುವ ಗಂಟಿಗೆ ಒಂದು ಸೂಜಿ ಚುಚ್ಚಿ ಪರೀಕ್ಷಿಸಲು ನೀವು ಒಪ್ಪಿಗೆ ಕೊಟ್ಟಿಲ್ಲ. ಎದೆಯಿಂದ ಮೊದಲು ತೆಗೆದ ಗಡ್ಡೆಯ ವರದಿ ತಂದರೆ ಮಾತ್ರ ಎರಡನೆಯ ಪರೀಕ್ಷೆ ಎಂದಿದ್ದೀರಿ. ಆ ವರದಿ ಇಲ್ಲ. ಮುಂದೆಯೂ ಇರುವುದಿಲ್ಲ. ಯಾಕೆಂದರೆ ಆ ಗಡ್ಡೆಯನ್ನು ನಾವು ಮಣ್ಣು ಮಾಡಿದ್ದೇವೆ. ನಗಬೇಕೆನಿಸಿದರೆ ನಗಿರಿ, ನಿಮ್ಮ ಕಚೇರಿಯಲ್ಲಿ ಆಗಲೇ ನಕ್ಕಿದ್ದಾರೆ.

ಕಂಗ್ಟಿಯ ಬಳಿ ಕುರಿ ಸಾಕಿಕೊಂಡು, ಜೋಳ ಬಿತ್ತಿಕೊಂಡು ಇರುವ ಮನೆ ಅಕ್ಕನದು. ಹೋದ ವರ್ಷ ಜಹೀರಾಬಾದಿನ ಒಂದು ಖಾಸಗಿ ದವಾಖಾನೆಯಲ್ಲಿ ಗಡ್ಡೆ ತೆಗೆದರು. ಆಪರೇಷನ್ ಮುಗಿಸಿ ಬಂದ ಡಾಕ್ಟರು, ಮದ್ದಿನ ನೀರಿನಲ್ಲಿ ಗಡ್ಡೆ ಹಾಕಿದ್ದ ಡಬ್ಬಿಯನ್ನು ಅಕ್ಕನ ಗಂಡ ಭೀಮಶಾ ಮಾಮನ ಕೈಗಿಟ್ಟು, "ತಗೊಂಡು ಹೋಗ್ರಿ, ತಡ ಮಾಡಬ್ಯಾಡ್ರಿ" ಎಂದರು. ಎಲ್ಲಿಗೆ, ಯಾತಕ್ಕೆ ಎಂದು ಹೇಳುವಷ್ಟು ಬಿಡುವು ಅವರಿಗಿರಲಿಲ್ಲ. ಹೈದರಾಬಾದಿನ ಲ್ಯಾಬಿನ ವಿಳಾಸ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು. ಮಾಮ ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಚೌಕಾಸಿ ಮಾಡಿ ಕುರಿ ಮಾರುತ್ತಾನೆ, ಇಂಗ್ಲಿಷ್ ಓದಲಾರ. ನಮ್ಮ ಮನೆಗಳಲ್ಲಿ ಬದುಕಿರುವವರ ಮೈಯಿಂದ ಏನು ಬೇರ್ಪಟ್ಟರೂ, ಹೆರಿಗೆಯ ಮಾಸಾಗಲಿ, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕ ಬೆರಳಾಗಲಿ, ಅರಿಶಿನ ಹಚ್ಚಿ ಮಣ್ಣಿಗೆ ಕೊಡುತ್ತೇವೆ. ಮಾಮ ತಡ ಮಾಡಲಿಲ್ಲ. ಆ ನಾರುವ ನೀರು ಚೆಲ್ಲಿ, ಗಡ್ಡೆಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ಹೊಲದ ಬದುವಿನಲ್ಲಿ ಹೂತ. "ನಾಯಿ ಬಾಯಾಗ ಹೋಗಬಾರ್ದಂತ ಆಳ ತೋಡೀನೋ ಮೈಲಾರಿ" ಎಂದು ನನ್ನ ಮುಂದೆ ಹೆಮ್ಮೆಯಿಂದ ಹೇಳಿದ್ದ. ಹೊಲಿಗೆ ಬಿಚ್ಚುವಾಗಲೂ ವರದಿ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಹೂತದ್ದು ಏನೆಂದು ತಿಳಿದದ್ದು ಕಂಕುಳಲ್ಲಿ ಗಂಟೆದ್ದ ಮೇಲೆ. ಹೈದರಾಬಾದಿನ ಕ್ಯಾನ್ಸರ್ ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು. ನಮ್ಮ ಜೀವಕೋಶದ ಹೊರಪೊರೆಯಲ್ಲಿ ಹರ್-ಟು ಎಂಬ ಒಂದು ಕಿಣ್ವ ಇರುತ್ತದಂತೆ. 'ಬೆಳೆ' ಎಂಬ ಸಂಕೇತವನ್ನು ಒಳಗೆ ದಾಟಿಸಿ ಸುಮ್ಮನಾಗುವುದು ಅದರ ಕೆಲಸ. ಕೆಲವರ ಗಡ್ಡೆಯಲ್ಲಿ ಅದು ಮಿತಿಮೀರಿ ಹುಟ್ಟಿ, ಯಾರೂ ಹೇಳದಿದ್ದರೂ 'ಬೆಳೆ, ಬೆಳೆ' ಎಂದು ಒದರುತ್ತಲೇ ಇರುತ್ತದೆ. ಅದರ ಬಾಯಿ ಕಟ್ಟುವ ಮದ್ದಿದೆ. ಆದರೆ ಅಂಥ ಗಡ್ಡೆ ಹೌದೋ ಅಲ್ಲವೋ ಎಂದು ಪರೀಕ್ಷೆಯಲ್ಲಿ ತಿಳಿಯದೆ ಆ ಮದ್ದು ಕೊಡುವಂತಿಲ್ಲ. ನಿಮ್ಮ ಕಚೇರಿಯ ರೋಗ ಇದಕ್ಕೆ ತದ್ವಿರುದ್ಧ, ಮಾನ್ಯರೇ. ಹೊರಗೆ ನಿಂತು ನಾವು ಎಷ್ಟು ಒದರಿದರೂ ಒಳಗೆ ಏನೂ ದಾಟುವುದಿಲ್ಲ. ಅದಕ್ಕೆ ಯಾವ ಮದ್ದಿದೆ?

ಕೇಳಿ ಬಂದವನೇ ಮಾಮ ಬದು ಅಗೆದ. ಬಟ್ಟೆಯ ಎಳೆಗಳಿದ್ದವು, ಗಡ್ಡೆ ಇರಲಿಲ್ಲ. ಆ ಕುಣಿಯ ಮಣ್ಣನ್ನೇ ಚೀಲದಲ್ಲಿ ತುಂಬಿಕೊಂಡು ನಿಮ್ಮ ಕೌಂಟರಿಗೆ ಬಂದ. "ಸಾಹೇಬ್ರ, ಇದರಾಗೇ ಕರಗ್ಯಾದ್ರಿ. ಇದನ್ನೇ ನೋಡ್ರಿ." ನಿಮ್ಮ ಗುಮಾಸ್ತರು ಕುರ್ಚಿಯಲ್ಲೇ ಹಿಂದಕ್ಕೆ ವಾಲಿದರು. "ಮಣ್ಣು ಪರೀಕ್ಷೆ ಕೃಷಿ ಇಲಾಖೆಯಾಗ ಮಾಡ್ತಾರ, ಅಲ್ಲಿಗೆ ಹೋಗಪ್ಪಾ!" ಸುತ್ತಲಿದ್ದವರು ನಕ್ಕರು. ಅದು ಚೇಷ್ಟೆಯೆಂದು ತಿಳಿಯದ ಮಾಮ ಕೇಳಿದ: "ಆ ಆಫೀಸು ಎಲ್ಲಿ ಅದರಿ?"

ಕೂಲಿಗೆ, ಗೇಣಿಗೆ, ರೇಷನ್ನಿಗೆ ನಾರಾಯಣಖೇಡದಿಂದ ತಾಂಡೂರಿನವರೆಗೆ ಘೋಷಣೆ ಕೂಗಿದವನು ನಾನು. ಜಮೀನ್ದಾರನಿಗೆ ಬಾಗಿಲಿತ್ತು, ಅದರ ಮುಂದೆ ಕೂತೆವು. ಅಕ್ಕನ ಕೋಶದೊಳಗೆ ಒದರುತ್ತಿರುವುದರ ಮುಂದೆ ಎಲ್ಲಿ ಕೂರಲಿ? ಧಿಕ್ಕಾರ ಎಂದರೆ ಗಂಟು ಕರಗುತ್ತದೆಯೇ? ಕೈ ಕಟ್ಟಿದಂತಾಗಿ ನಿಮಗೆ ಬರೆಯುತ್ತಿದ್ದೇನೆ. ಯಾವ ಸಾಹೇಬನಿಗೂ ದಮ್ಮಯ್ಯ ಎನ್ನದವನು ಇವತ್ತು ಅದನ್ನೂ ಅನ್ನುತ್ತಿದ್ದೇನೆ.

ಮಾಮ ಈಗ ಕುರಿದೊಡ್ಡಿಯಲ್ಲೇ ಮಲಗುತ್ತಾನೆ, ಅಕ್ಕನ ಮುಖ ನೋಡುವುದಿಲ್ಲ. ಅವಳು ಬಡಿಸಿದ್ದನ್ನು ಮುಟ್ಟದೆ ಏಳುತ್ತಾನೆ. "ಅಕಿ ಮದ್ದ ನಾನೇ ಹುಗದೀನಿ" ಎಂಬುದೊಂದೇ ಮಾತು. ಪರೀಕ್ಷೆಯಾದರೂ ಆ ಕಿಣ್ವ ಹೆಚ್ಚಿಲ್ಲವೆಂದು ಬರಬಹುದು, ಆಗ ಆ ಮದ್ದು ನಿನ್ನ ಪಾಲಿಗಿಲ್ಲ ಎಂದು ಅಕ್ಕನಿಗೆ ಹೇಳಿದೆ. ಅವಳು ಅಂದಳು:

"ಹೆಚ್ಚಿಲ್ಲ ಅಂತ ಬಂದ್ರೂ ಬರ್ಲಿ ತಮ್ಮಾ. ಆ ಮದ್ದು ನನಗ ಮೊದ್ಲಿಂದೂ ಇರ್ಲೇ ಇಲ್ಲ ಅಂತ ಆತು ಅಂದ್ರ, ನಿಮ್ಮ ಮಾಮ ಹೊಟ್ಟಿ ತುಂಬ ಉಣ್ತಾನ."

ಆದ್ದರಿಂದ ಒತ್ತಾಯಿಸುತ್ತೇನೆ: ಹಳೆಯ ವರದಿಯ ಹಟ ಬಿಟ್ಟು, ಈ ವಾರವೇ ಆ ಗಂಟಿನ ಪರೀಕ್ಷೆಗೆ ಒಪ್ಪಿಗೆ ಕೊಡಿ. ಅಕ್ಕನಿಗೆ ಮದ್ದು ಸಿಗಲಿ. ಸಿಗದಿದ್ದರೆ ಮಾಮನಿಗೆ ಅನ್ನವಾದರೂ ಸೇರಲಿ.

ಇಂತಿ,
ಘೋಷಣೆಗಳೆಲ್ಲ ತೀರಿಹೋದ,
ಮೋನಮ್ಮನ ತಮ್ಮ ಮೈಲಾರಿ
ಕಂಗ್ಟಿ