ಮುಯ್ಯಿ ಪುಸ್ತಕದ ಆರು ಖಾಲಿ ಸಾಲು

ಶೀಳನೆರೆ, ಸೋಮವಾರ

ಚಿರಂಜೀವಿ ಲೋಕೇಶನಿಗೆ ಅಪ್ಪನ ಆಶೀರ್ವಾದ.

ಫೋನಿನಲ್ಲಿ ಕೇಳಿದಾಗಲೆಲ್ಲ ಮೀಟಿಂಗ್ ಅನ್ನುತ್ತೀಯ, ಅದಕ್ಕೇ ಈ ಕಾಗದ.

ನಿನ್ನ ಮಗಳ ನಾಮಕರಣದಲ್ಲಿ ಬಂದ ಉಡುಗೊರೆಯ ಮುಯ್ಯಿ ಬರೆಯಲು ನನ್ನನ್ನೇ ಕೂರಿಸಿದೆ. ಐವತ್ತು ರೂಪಾಯಿ ಇಟ್ಟ ನೆಂಟರೂ ಹೆಸರು, ಊರು ಬರೆಸಿ, ಸರಿಯಾಗಿದೆಯೇ ಎಂದು ಬಗ್ಗಿ ನೋಡಿದರು. ನಾಳೆ ಅವರ ಮನೆಯಲ್ಲಿ ನಾವು ಮುಯ್ಯಿ ತೀರಿಸಬೇಕಲ್ಲ. ಆದರೆ ನೀನು ತೆರಿಗೆ ನೋಡುವ ಪಾಂಡವಪುರದ ಆರು ಅಂಗಡಿಯವರು ಬೆಳ್ಳಿ ತಟ್ಟೆ ಇಟ್ಟು, "ಎಸ್ರು ಬರ್ಯದ್ಯಾಕೆ ಮೇಷ್ಟ್ರೇ, ಟ್ಯಾಕ್ಸ್ ಸಾಯೇಬ್ರಿಗೆ ಗೊತ್ತದೆ ಬುಡಿ" ಎಂದು ನಕ್ಕು, ಊಟಕ್ಕೂ ಕೂರದೆ ಹೋದರು.

ತಟ್ಟೆಗಳು ಅಟ್ಟದ ಮೇಲಿವೆ. ನಿಮ್ಮಮ್ಮ ಮುಟ್ಟಿಲ್ಲ. ಪುಸ್ತಕದಲ್ಲಿ ಆರು ಸಾಲು ಖಾಲಿ ಬಿಟ್ಟಿದ್ದೇನೆ. ಭಾನುವಾರ ಬಂದು ಆ ಹೆಸರುಗಳನ್ನು ನಿನ್ನ ಕೈಯಲ್ಲೇ ಬರೆ. ಬರದಿದ್ದರೆ, ಅವರ ಮುಯ್ಯಿಯನ್ನು ನೀನು ಆಫೀಸಿನಲ್ಲಿ ಆಗಲೇ ತೀರಿಸಿದ್ದೀಯ ಎಂದು ತಿಳಿದುಕೊಳ್ಳುತ್ತೇನೆ.

ನಿನ್ನ ಅಪ್ಪ,
ನಂಜಪ್ಪ