ಮೂಳೆಗೆ ಬರುವ ಸಂದೇಶ

ವಾನುಕೊ, ಪೆರು
೧೪ ಆಗಸ್ಟ್ ೨೦೧೯

ಪ್ರೀತಿಯ ತಮ್ಮ ಸೆನೋಬಿಯೋಗೆ,

ಅಕ್ಕನ ಆಶೀರ್ವಾದಗಳು. ಇಲ್ಲಿಗೆ ಬಂದು ಎರಡು ತಿಂಗಳಾದರೂ ಒಂದಕ್ಷರ ಬರೆಯಲಿಲ್ಲ ಎಂದು ಮುನಿಸಿಕೊಂಡಿರುತ್ತೀಯ, ತಪ್ಪು ನನ್ನದೇ. ಫೋನಿನಲ್ಲಿ ಹೇಳೋಣವೆಂದರೆ, ನಾನು "ಊರು ಬಿಟ್ಟು ಇಳಿದು ಬಾ" ಎಂದೊಡನೆ ಕಟ್ ಮಾಡಿಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದು.

ನಾನಿಲ್ಲಿ ಕ್ಷೇಮ. ಅಷ್ಟೆತ್ತರದ ನಮ್ಮೂರು ಸೆರೋ ದೆ ಪಾಸ್ಕೋದಿಂದ ಕೆಳಗಿಳಿದ ಮೊದಲ ವಾರ ಬರೀ ನಿದ್ದೆ ಹೊಡೆದೆ. ತಲೆನೋವು ಹೋಯಿತು, ತುಟಿಯ ನೀಲಿಯೂ ಹೋಯಿತು. ಪಕ್ಕದ ಮನೆಯ ಎರ್ಲಿಂದಾ, "ಏನ್ರೀ, ಬಂದಾಗ ಒಳ್ಳೆ ನೇರಳೆ ಜೋಳದ ತೆನೆ ಥರ ಇದ್ರಿ, ಈಗ ಮನುಷ್ಯರ ಥರ ಕಾಣ್ತೀರಿ" ಎಂದಳು. ಅವಳ ಬಾಯಿಗೆ ಬೀಗವಿಲ್ಲ.

ಬಂದ ದಿನ ನನ್ನ ಹಿಮೋಗ್ಲೋಬಿನ್ ಇಪ್ಪತ್ತಿತ್ತು, ಮೊನ್ನೆ ನೋಡಿದರೆ ಹದಿನಾರು! ಇಪ್ಪತ್ತೆಂಟು ವರ್ಷ ಲ್ಯಾಬಿನಲ್ಲಿ ಊರವರ ರಕ್ತ ನೋಡಿದವಳಿಗೂ ಇದು ಸೋಜಿಗವೇ. ಇದನ್ನು ಇಳಿಸಿದವರು ಯಾರು ಎಂದು ಇಲ್ಲಿನ ಡಾಕ್ಟರಮ್ಮ ಲುದ್ಮಿಲಾಳನ್ನು ಕೇಳಿದೆ.

"ಗಾಳಿ ಸಾಲ್ದು ಅಂತ ಗೊತ್ತಾದ ತಕ್ಷಣ ಮೂತ್ರಪಿಂಡ ರಕ್ತದಲ್ಲೇ ಒಂದು ಸಂದೇಶ ಹರಿಬಿಡುತ್ತೆ, ಅಮ್ಮಾ. ಮೂಳೆ ಒಳಗಿನ ಮಜ್ಜೇಲಿ ಎಳೇ ಕಣಗಳು ಅದಕ್ಕೇ ಕಾಯ್ತಿರ್ತವೆ. ಸಂದೇಶ ಕಣದ ಮೈಮೇಲೆ ಬಂದು ಕೂತ್ರೆ ಸಾಕು, ಒಳಗೆ ಒಬ್ಬರಿಂದ ಒಬ್ಬರಿಗೆ ಕೈದಾಟಿಸಿದ ಹಾಗೆ ಸುದ್ದಿ ನಡುಮನೆವರೆಗೆ ಹೋಗುತ್ತೆ."

"ಏನಂತ ಸುದ್ದಿ?"

"ಸಾಯ್ಬೇಡ, ಬೆಳಿ, ಕೆಂಪಾಗು, ಅಂತ. ಸುದ್ದಿ ಬರದಿದ್ರೆ ಬಹಳಷ್ಟು ಅಲ್ಲೇ ಸತ್ತು ಹೋಗ್ತವೆ. ಕೆಳಗಿಳಿದ್ರಲ್ಲ, ಗಾಳಿ ಸಾಕಾಯ್ತು, ಸಂದೇಶ ಕಮ್ಮಿ ಆಯ್ತು."

ಮೈ ಜುಂ ಎಂದಿತು ಕಣೋ. ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಕೆಂಪು ಕಣಗಳು ಹುಟ್ಟುತ್ತವಂತೆ, ಅದೂ ಅರವತ್ತೊಂದು ವರ್ಷದ ಈ ಹಳೇ ಮೂಳೆಗಳಲ್ಲಿ! ನಾನು ಆಲೂಗಡ್ಡೆ ಹೆರೆಯುತ್ತಾ ಎರ್ಲಿಂದಾಳನ್ನು ಬೈದುಕೊಳ್ಳುವಾಗಲೂ ಒಳಗೆ ಯಾರೋ ಯಾರಿಗೋ "ಸಾಯಬೇಡ" ಎನ್ನುತ್ತಲೇ ಇದ್ದಾರೆ. ಅಂದು ಮನೆಗೆ ಬಂದು ಸೊಂಟದ ಮೂಳೆಯನ್ನು ಮೆಲ್ಲಗೆ ಸವರಿಕೊಂಡೆ. ದೇವರೇ, ಇಷ್ಟು ದಿನ ಇದರ ಮೇಲೇ ಕೊಡ ಇಟ್ಟು ಹೊತ್ತೆನಲ್ಲ ಎನಿಸಿತು.

ಆದರೆ ನಮ್ಮಂಥ ಕೆಲವರ ಮಜ್ಜೆಗೆ "ಸಾಕು" ಎನ್ನುವುದೇ ಗೊತ್ತಾಗುವುದಿಲ್ಲ. ಕಣಗಳು ಹೆಚ್ಚುತ್ತಲೇ ಹೋಗಿ ರಕ್ತ ಗಂಜಿಯಂತೆ ಗಟ್ಟಿಯಾಗುತ್ತದೆ, ತಲೆಯಲ್ಲೋ ಎದೆಯಲ್ಲೋ ಹೆಪ್ಪುಗಟ್ಟಿ ಜೀವವನ್ನೇ ತೆಗೆಯಬಹುದು. ನಿನ್ನದು ಇಪ್ಪತ್ತಮೂರೂವರೆ. ನೀನೋ ಎದೆ ತಟ್ಟಿಕೊಂಡು, "ಅಕ್ಕಾ, ಇದು ಗಣಿಯವರ ರಕ್ತ ಕಣೇ, ಕೆಳಗೆ ಕಡಲ ದಡದ ಲೀಮಾದವರ ಥರ ನೀರು ಸಾರಲ್ಲ" ಎಂದೆ. ನಮ್ಮೂರೇ ಹಾಗಲ್ಲವೇ, ಕೆನ್ನೆ ಕಪ್ಪುಗೆಂಪಾದಷ್ಟೂ ಗಂಡಸು ಗಟ್ಟಿ ಎನ್ನುತ್ತಾರೆ. ಲ್ಯಾಬಿನಲ್ಲಿ ನಾವೂ, ಗಂಡಸಿಗೆ ಇಪ್ಪತ್ತೊಂದು ದಾಟಿದರೆ ಅಪಾಯ ಎಂದು ಲೀಮಾದಿಂದ ಬಂದ ಅಳತೆಪಟ್ಟಿಯನ್ನು ಡ್ರಾಯರಿಗೆ ತುರುಕಿ, ಎತ್ತರದವರಿಗೆ ಎಷ್ಟಿದ್ದರೂ ಸರಿ ಎಂಬ ನಮ್ಮೂರ ಬಾಯಿಲೆಕ್ಕವನ್ನೇ ನಡೆಸುತ್ತಿದ್ದೆವು.

ನಿನಗೆ ತಲೆಸುತ್ತು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ನಿದ್ದೆಯಿಲ್ಲ ಎಂದು ನಿನ್ನ ಹೆಂಡತಿ ಎಲ್ವಿಯಾ ಎಲ್ಲ ಹೇಳಿದಳು. "ಅಪ್ಪನ್ನ ಮಣ್ಣು ಮಾಡಿದ ಊರು ಬಿಟ್ಟು ಬರಲ್ಲ" ಎಂದು ಅವಳ ಬಾಯನ್ನೂ ಮುಚ್ಚಿಸಿದೆಯಂತೆ. ಹಟಮಾರಿ! ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಮೇಲಿನ ಕೋಣೆ ನಿಮಗೆಂದೇ ಖಾಲಿ ಇದೆ.

ಎಲ್ವಿಯಾಗೂ ಮಕ್ಕಳಿಗೂ ನನ್ನ ಮುತ್ತು. ನನ್ನ ಪಾಲಿನ ಆಯುಸ್ಸನ್ನೂ ಸೇರಿಸಿಕೊಂಡು ಬಾಳು, ತಮ್ಮಾ.

ನಿನ್ನ ಅಕ್ಕ,
ತೆಯೋಫಿಲಾ

ತಾ.ಕ.: ಸಹಿ ಹಾಕಿದ ಮೇಲೂ ಕಾಗದ ಮಡಚಲಾಗಲಿಲ್ಲ. ಅಪ್ಪ ಊಟಕ್ಕೆ ಕೂತಲ್ಲೇ ಕುಸಿದ ದಿನ ನೀನು ಅವರ ಮೇಲೆ ಕೂಗಾಡಿದ್ದೆ. ಆ ಕೂಗಿಗೇ ಅವರು ಹೋದರೆಂದು ಹನ್ನೊಂದು ವರ್ಷದಿಂದ ಅವರ ಗೋರಿ ಕಾಯುತ್ತಿದ್ದೀಯ. ಅವರು ಕುಸಿಯುವ ಒಂದು ವಾರ ಮುಂಚೆ, ತಲೆ ತಿರುಗುತ್ತದೆ ಎಂದು ಅಪ್ಪ ಲ್ಯಾಬಿಗೆ ಬಂದಿದ್ದರು. ರಕ್ತ ತೆಗೆದವಳು ನಾನು. ಇಪ್ಪತ್ತೈದು ಇತ್ತು. "ಅಪ್ಪಾ, ಊರಿಗೆಲ್ಲ ನಿಮ್ದೇ ಗಟ್ಟಿ ರಕ್ತ!" ಎಂದು ನಕ್ಕು, ಚೀಟಿಯ ಮೇಲೆ "ಈ ಎತ್ತರಕ್ಕೆ ಸರಿಯಿದೆ" ಎಂದು ಬರೆದುಕೊಟ್ಟೆ. ಅದನ್ನು ನಂಬಿ ಅವರು ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಅವರನ್ನು ಕೊಂದದ್ದು ನಿನ್ನ ಕೂಗಲ್ಲ, ನನ್ನ ಚೀಟಿ. ಇಷ್ಟು ವರ್ಷ ಬಾಯಿಬಿಡದೆ ನಿನ್ನನ್ನು ಅಲ್ಲೇ ಕೂರಿಸಿದ್ದೂ ನಾನೇ. ನನ್ನ ಮುಖದ ಮೇಲೆ ಉಗಿಯುವುದಕ್ಕಾದರೂ ಇಳಿದು ಬಾರೋ.